ಪರದೆಯ ಮೇಲೆ ಕನ್ನಡದ ಪುಟ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತಾಯಿಯವರಿಗೆ ಎಂಬತ್ತು ವರ್ಷ ಸಮೀಪಿಸುತ್ತಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಅವರಿಗೆ ಹಿಡಿಯುವುದಿಲ್ಲ. ಒಂದು ಕೈಯಲ್ಲಿ ದಪ್ಪ ಕಾದಂಬರಿ, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ಓದುತ್ತಿದ್ದ ಅವರ ಕಷ್ಟ ನೋಡಲಾರದೆ ನಾನು ಆರು ಇಂಚಿನ ಪರದೆಯ ಇ-ರೀಡರ್, ಅಂದರೆ ಪುಸ್ತಕ ಓದುವುದಕ್ಕೆಂದೇ ಮಾಡಿದ ಸಾಧನ, ಒಂದನ್ನು ತಂದುಕೊಟ್ಟೆ. ಅವರು ಇಷ್ಟಪಡುವ ಹಳೆಯ ಕಾದಂಬರಿಯೊಂದರ ಸ್ಕ್ಯಾನ್ ಪ್ರತಿಯನ್ನು ಅದಕ್ಕೆ ಹಾಕಿದೆ. ಪರದೆ ಪುಸ್ತಕದ ಪುಟಕ್ಕಿಂತ ಚಿಕ್ಕದು, ಆದ್ದರಿಂದ ಅಕ್ಷರ ಅಚ್ಚಿನಲ್ಲಿ ಇದ್ದುದಕ್ಕಿಂತಲೂ ಕಿರಿದಾಗಿ, ಒತ್ತಕ್ಷರಗಳು ಮಸಿಯ ಚುಕ್ಕೆಗಳಂತೆ ಕಂಡವು. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಾಚೆಗೆ ಸರಿಯುತ್ತಿತ್ತು. "ಇದಕ್ಕಿಂತ ನನ್ನ ಭೂತಗನ್ನಡಿಯೇ ವಾಸಿ ಕಣಪ್ಪ" ಎಂದು ಅವರು ಅದನ್ನು ನನ್ನ ಕೈಗೇ ಕೊಟ್ಟರು.

ತಪ್ಪು ಸಾಧನದ್ದಲ್ಲ. ಸ್ಕ್ಯಾನ್ ಮಾಡಿದ ಪುಟ ಬರಿಯ ಚಿತ್ರ, ಅದರಲ್ಲಿ ಯಂತ್ರಕ್ಕೆ ಅಕ್ಷರವೆಂಬುದೇ ಕಾಣುವುದಿಲ್ಲ. ಅದೇ, ಎಲ್ಲ ಯಂತ್ರಗಳೂ ಅಕ್ಷರವನ್ನು ಒಂದೇ ಬಗೆಯಲ್ಲಿ ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಸಿದ್ಧವಾದ ಇ-ಪಬ್ ಎಂಬ ಬಗೆಯ ಇ-ಪುಸ್ತಕವಾದರೆ, ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ತಾವಾಗಿಯೇ ಮುರಿದು ಪರದೆಯೊಳಗೆ ಹೊಂದಿಕೊಳ್ಳುತ್ತವೆ. ಆಮೇಲೆ ಅಂಥ ಒಂದು ಕಥಾಸಂಕಲನವನ್ನು ಹಾಕಿಕೊಟ್ಟಾಗ, ಪುಟಕ್ಕೆ ಒಂಬತ್ತು ಹತ್ತು ಸಾಲು ಮಾತ್ರ ಬರುವಂತೆ ಅಕ್ಷರ ಹಿಗ್ಗಿಸಿಕೊಂಡು, ತಾಯಿಯವರು ಮೂರು ಸಂಜೆಗಳಲ್ಲಿ ಅದನ್ನು ಓದಿ ಮುಗಿಸಿದರು.

ಇ-ರೀಡರಿನ ಪರದೆ ಮೊಬೈಲಿನಂಥದ್ದಲ್ಲ. ಅದರೊಳಗಿನ ಸೂಕ್ಷ್ಮ ಕೋಶಗಳಲ್ಲಿ ಕಪ್ಪು ಬಿಳುಪಿನ ಕಣಗಳಿದ್ದು, ವಿದ್ಯುತ್ ಹರಿದಾಗ ಮೇಲೆ ಕೆಳಗೆ ಸರಿದು ಪುಟವನ್ನು ಮೂಡಿಸುತ್ತವೆ; ಮೂಡಿದ ಪುಟ ನಿಲ್ಲಲು ವಿದ್ಯುತ್ ಬೇಕಿಲ್ಲ. ಬಿಸಿಲಿನಲ್ಲಿಯೂ ಕಾಗದದಂತೆಯೇ ಕಾಣುತ್ತದೆ. ಕಣ್ಣು ಸೋತವರಿಗೆ, ಭಾರ ಎತ್ತಲಾಗದವರಿಗೆ, ಕನ್ನಡದ ಅಂಗಡಿಯೇ ಇಲ್ಲದ ಪರದೇಶದಲ್ಲಿ ಇರುವವರಿಗೆ ಇದು ದೊಡ್ಡ ಆಸರೆಯಾಗಬಲ್ಲದು.

ಆದರೆ ಅದರಲ್ಲಿ ಓದಲು ಕನ್ನಡ ಪುಸ್ತಕಗಳು ಎಲ್ಲಿವೆ? 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಇ-ರೀಡರ್ ಆದ ಕಿಂಡಲ್‌ಗಾಗಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡಿಗರೇ ಕಟ್ಟಿದ, ಇ-ಪುಸ್ತಕ ಒದಗಿಸುವ ಮೈಲ್ಯಾಂಗ್‌ನಂಥ ಆ್ಯಪ್‌ಗಳು ಆ ಕೊರತೆಯನ್ನು ಬಹಳಷ್ಟು ತುಂಬಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳಲ್ಲಿನ ಪುಸ್ತಕಗಳನ್ನು ಹೆಚ್ಚಿನವರು ಓದುವುದು ಮೊಬೈಲಿನಲ್ಲಿ.

ಕನ್ನಡ ಲಿಪಿ 1991ರಲ್ಲಿಯೇ ಯೂನಿಕೋಡ್ ಸೇರಿತು. ಆದರೂ ನಮ್ಮ ಎಷ್ಟೋ ಪುಸ್ತಕಗಳು ಆ ಬಳಿಕವೂ ಅಕ್ಷರದ ಆಕಾರವನ್ನಷ್ಟೇ ದಾಖಲಿಸುವ ಹಳೆಯ ಬಗೆಯ ಫಾಂಟುಗಳಲ್ಲಿಯೇ ಅಚ್ಚಿಗೆ ಸಿದ್ಧವಾದವು. ಅವುಗಳನ್ನು ಯೂನಿಕೋಡಿಗೆ ತಿರುಗಿಸುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. 'ಸೂರ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ: ಅದರ ಅರ್ಕಾವೊತ್ತು ಕಣ್ಣಿಗೆ ಯಕಾರದ ನಂತರ ಕಾಣುತ್ತದೆ, ಹಳೆಯ ಫಾಂಟಿನಲ್ಲಿ ಹಾಗೆಯೇ ನಂತರ ದಾಖಲಾಗಿರುತ್ತದೆ, ಯೂನಿಕೋಡಿನಲ್ಲಿ ಮಾತ್ರ ರೇಫ, ಅಂದರೆ ಆ ರಕಾರ, ಮೊದಲು ಬರಬೇಕು. ಇಂಥ ಕಡೆಗಳಲ್ಲಿ ತಪ್ಪು ನುಸುಳದಂತೆ ಕರಡು ತಿದ್ದುವವರು ಸಾಲು ಸಾಲನ್ನೂ ನೋಡಬೇಕಾಗುತ್ತದೆ. ಪುಸ್ತಕ ಅಚ್ಚಿಗೆ ಹೋಗುವಾಗಲೇ ಯೂನಿಕೋಡ್ ಪ್ರತಿಯೊಂದನ್ನು ಕಾಪಾಡಿಡಬೇಕೆಂದು ಪ್ರಕಾಶಕರಲ್ಲಿ ನನ್ನ ಕಳಕಳಿಯ ಕೋರಿಕೆ.

ಹಾಗೆಂದು ಕಾಗದದ ಪುಸ್ತಕಗಳನ್ನು ನಾನು ಮನೆಯಿಂದ ಹೊರಗೆ ಹಾಕಿಲ್ಲ. 2009ರ ಜುಲೈನಲ್ಲಿ ಓದುಗರು ಹಣ ಕೊಟ್ಟು ಪಡೆದಿದ್ದ ಜಾರ್ಜ್ ಆರ್ವೆಲ್ಲರ ಎರಡು ಕಾದಂಬರಿಗಳನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಅಮೆಜಾನ್ ಅವರವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಆಮೇಲೆ ಕ್ಷಮೆ ಕೇಳಿತು. ನನ್ನ ಕಪಾಟಿನಲ್ಲಿರುವ ಪುಸ್ತಕವನ್ನು ಯಾರೂ ಹಾಗೆ ಅಳಿಸಲಾರರು. ಅದನ್ನು ಪಕ್ಕದ ಮನೆಯವರಿಗೆ ಎರವಲು ಕೊಡಬಹುದು, ಮೊದಲ ಪುಟದಲ್ಲಿ ಹೆಸರು ಬರೆದು ಮದುವೆಗೆ ಉಡುಗೊರೆಯಾಗಿ ಕೊಡಬಹುದು. ನಿಘಂಟಿನ ವಿಷಯದಲ್ಲಂತೂ ನನ್ನ ಮನಸ್ಸು ಎರಡೂ ಕಡೆಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಬೇಕಾದ ಪದ ಹುಡುಕಲು ಕಂಪ್ಯೂಟರೇ ಚುರುಕು. ಆದರೆ ಪುಟ ತಿರುವುತ್ತಾ ಹುಡುಕುವಾಗ ಅಕ್ಕಪಕ್ಕದಲ್ಲಿ ಕಾಣಸಿಗುವ, ನಾವು ಹುಡುಕದಿದ್ದ ಪದಗಳ ಸುಖವೇ ಬೇರೆ.

ಇ-ರೀಡರ್ ಕೊಳ್ಳಬೇಕೆಂದಿರುವವರು ಹಣ ಕೊಡುವ ಮುನ್ನ ಕನ್ನಡದ ಒಂದು ಪುಟವನ್ನು ಅದರಲ್ಲಿ ತೆರೆಸಿ ನೋಡಿ. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳಲ್ಲಿ ಎರಡೆರಡು ಒತ್ತುಗಳು ಸರಿಯಾಗಿ ಕೂರುತ್ತವೆಯೇ, ಅಕ್ಷರ ಹಿಗ್ಗಿಸಿದರೆ ಸಾಲು ಮುರಿಯುತ್ತದೆಯೇ ಎಂದು ಪರೀಕ್ಷಿಸಿ.

ನನ್ನ ತಾಯಿಯವರು ಕೇಳಿದ್ದ ಆ ಹಳೆಯ ಕಾದಂಬರಿಯ ಲೇಖಕರು ತೀರಿಕೊಂಡು ಅರವತ್ತು ವರ್ಷಗಳು ಕಳೆದಿರುವುದರಿಂದ ಅದರ ಹಕ್ಕುಸ್ವಾಮ್ಯ ಮುಗಿದಿದೆ. ಹಾಗಾಗಿ ನಾನೇ ರಾತ್ರಿ ಹೊತ್ತು ಅದನ್ನು ಟೈಪ್ ಮಾಡುತ್ತಿದ್ದೇನೆ. ಮುಗಿದ ಪುಟಗಳನ್ನು ಅವರು ಮರುದಿನವೇ ಓದುತ್ತಾರೆ. ನಿನ್ನೆ ಅರವತ್ತೆರಡನೆಯ ಪುಟದಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆಯೆಂದು, ಭೂತಗನ್ನಡಿಯಿಲ್ಲದೆಯೇ ಕಂಡುಹಿಡಿದು, ನನಗೆ ತೋರಿಸಿದರು.

ನಮಸ್ಕಾರ.