ಅಟ್ಟದ ಮೇಲಿನ ಗುಡ್ಡವನ್ನು ಮೊದಲು ಇಳಿಸಿ

ಎಲ್ಲರಿಗೂ ನಮಸ್ಕಾರ, ವಿರಾಜಪೇಟೆಯಿಂದ. ಹಿಂದೆ ಕೇಳುತ್ತಿರುವ ಸದ್ದು ಹೆಂಚಿನ ಮೇಲೆ ಬೀಳುತ್ತಿರುವ ಮಳೆಯದ್ದು. ಮೂರು ದಿನದಿಂದ ಬಿಟ್ಟಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಆಟದ ಪುಟ್ಟ ಸೈನಿಕರಿಗೆ ಗುಡ್ಡ, ಮನೆ ಕಟ್ಟುವ ನನ್ನ ಕಳೆದ ವಿಡಿಯೋ ನೋಡಿ ಒಬ್ಬರು ಬರೆದಿದ್ದಾರೆ. "ಅಣ್ಣಾ, ಅದೇ ಹಳೇ ಗುಡ್ಡ, ಹಳೇ ಮನೆ ಎಷ್ಟು ದಿನ ತೋರಿಸುತ್ತೀರಿ? ಹೊಸದು ಶುರು ಮಾಡಿ. ಆಟಕ್ಕೇನು, ನಾಲ್ಕು ಪುಸ್ತಕ ಜೋಡಿಸಿದರೂ ಗುಡ್ಡವೇ." ಇದನ್ನು ಓದಿದಾಗಿನಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಹಾಗಾಗಿ ಇವತ್ತು ಬೇರೆ ವಿಷಯ ಇಲ್ಲ.

ಹೊಸಬರಿಗೆ ಒಂದು ಮಾತು. ನಮ್ಮದು ಮಿನಿಯೇಚರ್ ವಾರ್‌ಗೇಮ್. 28 ಮಿಲಿಮೀಟರ್ ಅಳತೆಯ ಸೈನಿಕರು. ಟೇಪ್ ಹಿಡಿದು ಅಳೆದು ನಡೆಸುತ್ತೇವೆ, ದಾಳ ಹಾಕಿ ಹೊಡೆದಾಡಿಸುತ್ತೇವೆ. ಅವರು ನಿಲ್ಲುವ ಗುಡ್ಡ, ಬೇಲಿ, ಮನೆ, ಹೊಳೆ ಎಲ್ಲ ಸೇರಿ ಟೆರೇನ್. ನಾನು ಹೇಳುವುದು ಇಷ್ಟೇ: ಅರ್ಧಕ್ಕೆ ಬಿಟ್ಟ ಟೆರೇನ್ ಮನೆಯಲ್ಲಿ ಇರುವಾಗ ಹೊಸ ಥರ್ಮಾಕೋಲ್‌ಗೆ ಬ್ಲೇಡ್ ಹಾಕಬೇಡಿ.

ನನ್ನ ಮನೆಯದ್ದೇ ಕೇಳಿ. ಮೂರು ವರ್ಷದ ಹಿಂದೆ ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಹಿರಿಯರ ಮನೆಯ, ಮಾದರಿ ಶುರು ಮಾಡಿದ್ದೆ. ಗೋಡೆ ಎದ್ದಿತ್ತು, ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಕಂಬ ನಿಂತಿತ್ತು. ಕಂಬದ ನಡುವೆ ಕೂರುವ ಮರದ ಹಲಗೆ ಐಮರಕ್ಕೆ ಐಸ್‌ಕ್ರೀಮ್ ಕಡ್ಡಿ ಉಜ್ಜಿ ಇಟ್ಟಿದ್ದೆ. ಮಾಡು, ಅಂದರೆ ಚಾವಣಿ, ಮಾತ್ರ ಬಾಕಿ. ಅಷ್ಟರಲ್ಲಿ ಯಾರೋ ಕೋಟೆ ಮಾಡಿದ ವಿಡಿಯೋ ನೋಡಿದೆ, ನಾನೂ ಕೋಟೆ ಶುರು ಮಾಡಿದೆ. ಐನ್‌ಮನೆ ಅಟ್ಟ ಹತ್ತಿತು. ಕೋಟೆಯೂ ಮುಗಿಯಲಿಲ್ಲ. ಈ ಜೂನ್‌ನಲ್ಲಿ ಇಳಿಸಿ ನೋಡಿದರೆ ರಟ್ಟಿನ ಗೋಡೆ ತುಂಬ ಬೂಸ್ಟು, ತಳದ ಹಲಗೆ ಬಾಳೆ ಎಲೆಯ ಹಾಗೆ ಬಾಗಿತ್ತು. ತುಂಬ ಬೇಜಾರಾಯಿತು. ನಮ್ಮ ಊರಿನಲ್ಲಿ ಬಣ್ಣ ಕಾಣದ ರಟ್ಟು ಮಳೆಗಾಲ ದಾಟುವುದಿಲ್ಲ. ಫೆವಿಕಾಲ್ ಮತ್ತು ಬಣ್ಣ ಎರಡೂ ಕಡೆ ಬಿದ್ದರೆ ಮಾತ್ರ ಉಳಿಯುತ್ತದೆ. ಮುಗಿದದ್ದು ಉಳಿಯುತ್ತದೆ, ಮುಗಿಯದ್ದು ಕೊಳೆಯುತ್ತದೆ. ಕೊಡಗಿನಲ್ಲಿ ಕೂತು ಇದನ್ನು ಬಿಡಿಸಿ ಹೇಳಬೇಕಾ?

ಅದನ್ನು ಎರಡು ವಾರದಲ್ಲಿ ಮುಗಿಸಿದೆ. ಬಾಗಿದ ಹಲಗೆಯ ಇನ್ನೊಂದು ಬದಿ ಒದ್ದೆ ಮಾಡಿ ಭಾರ ಇಟ್ಟೆ, ಸರಿಯಾಯಿತು. ಪ್ಯಾಕಿಂಗ್ ರಟ್ಟಿನ ಮೇಲಿನ ಕಾಗದ ಕಿತ್ತರೆ ಒಳಗೆ ಏರಿಳಿತ ಸಿಗುತ್ತದೆ ಅಲ್ವಾ, ಅದೇ ಹೆಂಚು. ಅಂಗಳದ ಮಣ್ಣಿಗೆ ಕಾಫಿ ಚರಟ. ಬಾಣಲೆಯಲ್ಲಿ ಚೆನ್ನಾಗಿ ಹುರಿದು ಒಣಗಿಸಿ ಹಾಕಿ, ಹಸಿ ಹಾಕಿದರೆ ಮತ್ತೆ ಬೂಸ್ಟು. ಇದರ ಪೂರ್ತಿ ವಿಡಿಯೋ ಮುಂದಿನ ಶನಿವಾರ ಬರುತ್ತದೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಮರೆಯಬೇಡಿ.

ಈಗ ಪುಸ್ತಕ ಜೋಡಿಸುವವರ ಮಾತಿಗೆ ಬರೋಣ. ಹಿಂದಿನ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ ಫಾನ್ ರೈಸ್‌ವಿಟ್ಸ್ ಅಂತ ಒಬ್ಬರಿದ್ದರು. ಯುದ್ಧದ ಆಟ ಕಟ್ಟಿದರು. ಮೊದಲು ಮರಳಿನ ಮೇಲೆ ಆಡುತ್ತಿದ್ದರು. ರಾಜ ನೋಡಬೇಕು ಅಂದಾಗ ಮರಳು ತೋರಿಸಲು ಅವರಿಗೆ ಮನಸ್ಸು ಬರಲಿಲ್ಲ. ಸಮಯ ತೆಗೆದುಕೊಂಡು ಮೇಜು ಮಾಡಿಸಿದರು, ಗುಡ್ಡ ಹೊಳೆಗಳ ಪ್ಲಾಸ್ಟರ್ ತುಂಡು ಮಾಡಿಸಿ ಬಣ್ಣ ಹಾಕಿಸಿದರು. ಬೇಕಾದ ಹಾಗೆ ಜೋಡಿಸಬಹುದು. 1812ರಲ್ಲಿ ರಾಜನ ಮುಂದೆ ಇಟ್ಟರು. ಪೂರ್ತಿ ಮುಗಿಸಿ ಇಟ್ಟರು! ನಮ್ಮ ಹವ್ಯಾಸದ ಬೇರಿನಲ್ಲೇ ಮುಗಿದ ಟೆರೇನ್ ಇದೆ. ನೀವು ನಿಘಂಟಿನ ಮೇಲೆ ಸೈನಿಕನನ್ನು ನಿಲ್ಲಿಸಿ ಬೆಟ್ಟ ಅನ್ನುತ್ತೀರಿ. ಆ ಸೈನಿಕನ ಕಣ್ಣಿಗೆ ಬಣ್ಣ ಹಾಕಲು ಮೂರು ರಾತ್ರಿ ಕಳೆದಿದ್ದೀರಿ. ಅವನು ನಿಲ್ಲಲು ಒಂದು ನೆಲ ಬೇಡವಾ?

ಇನ್ನೊಂದು ನೆಪ ಮಳೆ. "ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೌದು, ಈ ತೇವದಲ್ಲಿ ಸ್ಪ್ರೇ ಪ್ರೈಮರ್, ಅಂದರೆ ತಳದ ಮೊದಲ ಬಣ್ಣ, ಹೊಡೆದರೆ ಬಿಳಿ ಪುಡಿ ಪುಡಿ ಆಗುತ್ತದೆ. ಥರ್ಮಾಕೋಲ್ ಮೇಲೆ ನೇರ ಹೊಡೆದರೆ ಅದು ಕರಗಿಯೇ ಹೋಗುತ್ತದೆ, ನನ್ನ ಒಂದು ಗುಡ್ಡದ ಮೂಲೆ ಹಾಗೇ ಹೋಯಿತು. ಅದಕ್ಕೆ ಸ್ಪ್ರೇ ಬಿಡಿ. ಕಪ್ಪು ಅಕ್ರಿಲಿಕ್‌ಗೆ ಫೆವಿಕಾಲ್ ಬೆರೆಸಿ ಬ್ರಶ್‌ನಲ್ಲಿ ಬಳಿಯಿರಿ. ಒಲೆ ಇರುವ ಕೋಣೆಯಲ್ಲಿ, ಒಲೆಯಿಂದ ದೂರ ಇಡಿ. ಎರಡು ದಿನ ಬೇಕು, ಅಷ್ಟೇ. ಮೇಲೆ ತಿಳಿ ಬಣ್ಣದ ಡ್ರೈಬ್ರಶ್, ಅಂದರೆ ಬಣ್ಣ ಒರೆಸಿದ ಒಣ ಬ್ರಶ್, ಎಳೆದರೆ ಕಲ್ಲು ಕಲ್ಲಾಗಿ ಕಾಣುತ್ತದೆ. ಎರಡು ವಾರದ ಕೆಲಸಕ್ಕೆ ಮೂರು ವರ್ಷ ಅಟ್ಟದ ಮೇಲೆ!

ಅರ್ಧ ಗದ್ದೆ ನಾಟಿ ಮಾಡಿ ಪಕ್ಕದ ಗದ್ದೆಗೆ ಇಳಿಯುವವರನ್ನು ನಮ್ಮಲ್ಲಿ ನೋಡಿದ್ದೀರಾ? ನಾಟಿ ಮುಗಿದ ಮೇಲೆಯೇ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಕೆಲಸ ಮುಗಿಸಿ ಕೋವಿ ಇಳಿಸಿ ಪೂಜೆ ಮಾಡುತ್ತಾರೆ. ಹಿರಿಯರು ಬೆಟ್ಟ ಕಾಡು ಕೊರೆದು ಕಡಂಗ ತೋಡಿದ್ದಾರೆ, ಅಷ್ಟು ಆಳದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ. ಇವತ್ತಿಗೂ ತೋಟಗಳ ನಡುವೆ ಕಾಣುತ್ತದೆ. ಅರ್ಧ ತೋಡಿದ ಕಡಂಗ ಯಾರನ್ನು ತಡೆಯುತ್ತದೆ ಹೇಳಿ? ಆಟದಲ್ಲೂ ಅಷ್ಟೇ. ದಿಬ್ಬದ ಹಿಂದೆ ನಿಂತವನಿಗೆ ಮರೆ ಸಿಗುತ್ತದೆ, ದಾಳದ ಲೆಕ್ಕ ಬದಲಾಗುತ್ತದೆ. ಮೇಜಿನ ಕಡಂಗಕ್ಕೆ ಎರಡು ತುಂಡು ಮಾಡಿ ಮೂರನೆಯದು ಬಿಟ್ಟರೆ ಎದುರಿನವನು ನಡುವಿನಿಂದ ನುಗ್ಗುತ್ತಾನೆ.

"ಹವ್ಯಾಸ ಅಲ್ವಾ, ಖುಷಿಗೆ ಮಾಡುವುದು, ಒತ್ತಡ ಯಾಕೆ?" ಅನ್ನುವವರೂ ಇದ್ದಾರೆ. ಅರ್ಧ ಬಿಟ್ಟ ಏಳು ಪೆಟ್ಟಿಗೆ ನೋಡಿದಾಗ ಖುಷಿ ಆಗುತ್ತದಾ? ಎದೆ ಮುಟ್ಟಿ ಹೇಳಿ. ಆರಂಭಶೂರರು ಅನ್ನುವ ಮಾತು ಸುಮ್ನೆ ಹುಟ್ಟಿಲ್ಲ. ಮುಗಿಸಿ! ಚೆನ್ನಾಗಿ ಬರದಿದ್ದರೂ ಮುಗಿಸಿ! ಹೆಂಚು ಡೊಂಕಾದರೆ ಡೊಂಕಾಗಲಿ, ನಮ್ಮ ಹಳ್ಳಿಯಲ್ಲಿ ನೇರ ಮಾಡು ಎಷ್ಟಿದೆ?

ಇನ್ನೇನು ಹೇಳಬೇಕೆಂದಿದ್ದೆ, ಕರೆಂಟ್ ಹೋಯಿತು, ಬರೆದಿಟ್ಟ ಕಾಗದ ಕಾಣುತ್ತಿಲ್ಲ. ಪರವಾಗಿಲ್ಲ. ಆ ಕಾಮೆಂಟ್ ಹಾಕಿದ ತಮ್ಮಾ, ಕೋಪ ಇಲ್ಲ. ನಿನ್ನ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದೆ ಅಂತ ನನಗೆ ಗೊತ್ತು. ಇಳಿಸು. ಫೋಟೋ ಕಳಿಸು, ಶನಿವಾರದ ವಿಡಿಯೋದಲ್ಲಿ ತೋರಿಸುತ್ತೇನೆ. ನನ್ನ ಕಡಂಗದ ಮೂರನೇ ತುಂಡಿಗೆ ಬೆಳಿಗ್ಗೆ ಬಳಿದ ಕಪ್ಪು ಇನ್ನೂ ಅಂಟುತ್ತಿದೆ. ಮೇಣದಬತ್ತಿ ಹಚ್ಚಿಕೊಂಡು ಅದರ ಹತ್ತಿರ ಕೂರುತ್ತೇನೆ.