ಇಂಜಿನ್ ಆಯಿಲ್: ಸೆಮಿ ಸಿಂಥೆಟಿಕ್‌ನಿಂದ ಫುಲ್ ಸಿಂಥೆಟಿಕ್‌ಗೆ ಹೋಗಬಹುದಾ? ಮತ್ತೆ ವಾಪಸ್ ಬರಬಹುದಾ?

[ದೃಶ್ಯ: ಬಾನೆಟ್ ತೆರೆದ ಕಾರು. ಪಕ್ಕದಲ್ಲಿ ಎರಡು ಆಯಿಲ್ ಡಬ್ಬಿ.]

ನಮಸ್ಕಾರ್ರೀ. ವಿಜಯಪುರದಲ್ಲಿ ಕಾರು ಸರ್ವಿಸ್‌ಗೆ ಬಿಟ್ಟವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ: “ಸರ್, ಒಮ್ಮೆ ಫುಲ್ ಸಿಂಥೆಟಿಕ್ ಹಾಕಿದ್ರ ಮತ್ತ ಸೆಮಿಗೆ ಬರಾಕ ಬರೂದಿಲ್ಲ ನೋಡ್ರಿ. ಸೀಲ್ ಹೋಗ್ತಾವ.”

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೆಮಿಯಿಂದ ಫುಲ್‌ಗೆ ಹೋಗಬಹುದು. ಫುಲ್‌ನಿಂದ ಸೆಮಿಗೂ ಬರಬಹುದು. ಯಾವಾಗ ಬೇಕಾದರೂ. ಆದರೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಎರಡು ವಿಷಯ ನಿಮ್ಮ ಗಾಡಿಯ ಮ್ಯಾನುಯಲ್‌ಗೆ ಹೊಂದಬೇಕು. ಈ ವಿಡಿಯೋ ಮಾಡುತ್ತಿರುವುದೇ ಅದನ್ನು ಹೇಳೋಕೆ.

ಸೀಲ್ ಭಯ ಎಲ್ಲಿಂದ ಬಂತು? 1970ರ ದಶಕದಲ್ಲಿ ಕಾರಿಗೆ ಸಿಂಥೆಟಿಕ್ ಆಯಿಲ್ ಹೊಸದಾಗಿ ಬಂದಾಗ ಕೆಲವು ಆಯಿಲ್‌ಗಳಿಂದ, ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಸೀಲ್ ಕುಗ್ಗಿ ಸೋರಿಕೆ ಆಗುತ್ತಿತ್ತು. ಆಗ ಅದು ನಿಜ. ಆಮೇಲೆ ಆಯಿಲ್ ತಯಾರಿಸುವ ರೀತಿಯೂ ಬದಲಾಯಿತು, ಸೀಲ್‌ನ ರಬ್ಬರೂ ಬದಲಾಯಿತು. ಈಗ ಪೆಟ್ರೋಲ್ ಕಾರಿನ ಆಯಿಲ್‌ಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಸಿಗಬೇಕಾದರೆ ಬೇರೆ ಆಯಿಲ್‌ಗಳ ಜೊತೆ ಸರಿಯಾಗಿ ಬೆರೆಯುತ್ತದಾ ಅಂತ ಪರೀಕ್ಷೆ ಇದೆ. ಸೀಲ್‌ಗೆ ಹಾನಿ ಮಾಡುತ್ತದಾ ಅಂತಲೂ ಪರೀಕ್ಷೆ ಇದೆ.

[ದೃಶ್ಯ: ಮೊರದಲ್ಲಿ ಜೋಳ ಕೇರುತ್ತಿರುವ ಕೈಗಳು.]

ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು? ಮಿನರಲ್ ಆಯಿಲ್ ಅಂದರೆ ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು. ಅದು ಕೇರದ ಜೋಳದ ಹಾಗೆ. ಸಣ್ಣ ಕಾಳು, ದಪ್ಪ ಕಾಳು, ಒಂದಿಷ್ಟು ಹೊಟ್ಟು, ಎಲ್ಲಾ ಸೇರಿರುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳು ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೇ ಬಿಸಿಗೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ತಣ್ಣಗಿದ್ದಾಗಲೂ ಸಲೀಸಾಗಿ ಹರಿಯುತ್ತದೆ. ಮಿನರಲ್‌ಗೆ ಒಂದಿಷ್ಟು ಸಿಂಥೆಟಿಕ್ ಬೆರೆಸಿದರೆ ಅದೇ ಸೆಮಿ.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಫುಲ್ ಸಿಂಥೆಟಿಕ್ ಅಂತ ಮಾರುವ ಎಷ್ಟೋ ಆಯಿಲ್‌ಗಳು ಕಚ್ಚಾ ತೈಲದಿಂದಲೇ ಬರುತ್ತವೆ. ಹೆಚ್ಚಿನ ಒತ್ತಡ ಮತ್ತು ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳನ್ನೇ ಬದಲಾಯಿಸುತ್ತಾರೆ. ಇದಕ್ಕೆ ಗ್ರೂಪ್ ಮೂರು ಎನ್ನುತ್ತಾರೆ. ಇದನ್ನು ಸಿಂಥೆಟಿಕ್ ಅಂತ ಕರೆಯಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಆಯಿಲ್ ಕಂಪನಿಗಳ ನಡುವೆ ಜಗಳವೇ ಆಗಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕರೆಯಬಹುದು ಎಂದಿತು. ಅಂದರೆ ಸೆಮಿ ಮತ್ತು ಫುಲ್ ಒಂದಕ್ಕೊಂದು ವೈರಿಗಳೇನೂ ಅಲ್ಲ. ಹತ್ತಿರದ ಸಂಬಂಧಿಗಳೇ.

[ದೃಶ್ಯ: ಡಬ್ಬಿಯ ಲೇಬಲ್. 5ಡಬ್ಲ್ಯೂ-30 ಅನ್ನುವಲ್ಲಿಗೆ ಕ್ಯಾಮೆರಾ ಹತ್ತಿರ.]

ಈಗ ಆ ಎರಡು ವಿಷಯ. ಮೊದಲನೆಯದು ಈ ನಂಬರ್. ಡಬ್ಲ್ಯೂ ಅಂದರೆ ವಿಂಟರ್. ಡಬ್ಲ್ಯೂಗೆ ಮೊದಲಿರುವ 5 ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅಂತ ಹೇಳುತ್ತದೆ. ಅದನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ನಮ್ಮ ಊರಿನ ಡಿಸೆಂಬರ್‌ಗೆ ಅಷ್ಟೇನೂ ಬೇಕಿಲ್ಲ. ಕೊನೆಯಲ್ಲಿರುವ 30 ಅನ್ನುವುದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವ ಲೆಕ್ಕ.

“ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕೋಣ, 20ಡಬ್ಲ್ಯೂ-50” ಅಂತ ಸಲಹೆ ಕೊಡುವವರಿದ್ದಾರೆ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಇಂಜಿನ್ ಒಳಗಿನ ಬಿಸಿಯನ್ನು ಥರ್ಮೋಸ್ಟಾಟ್ ಹಿಡಿದಿಡುತ್ತದೆ. ಹೊರಗೆ 25 ಇರಲಿ, 42 ಇರಲಿ, ಕೂಲೆಂಟ್ ಸುಮಾರು 90ರ ಆಸುಪಾಸಿನಲ್ಲೇ ಇರುತ್ತದೆ. ಇಂದಿನ ಇಂಜಿನ್‌ನಲ್ಲಿ ಆಯಿಲ್ ಹೋಗುವ ದಾರಿಗಳು ತೀರಾ ಸಣ್ಣವು. ಹಲವು ಗಾಡಿಗಳಲ್ಲಿ ವಾಲ್ವ್ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಸಮಯ ಬದಲಾಯಿಸುವ ಕೆಲಸವನ್ನೂ ಆಯಿಲ್ ಒತ್ತಡವೇ ಮಾಡುತ್ತದೆ. ಮ್ಯಾನುಯಲ್ 5ಡಬ್ಲ್ಯೂ-30 ಅಂದರೆ ಅದನ್ನೇ ಹಾಕಿ. ಸೆಮಿಯೋ ಫುಲ್ಲೋ ಅನ್ನುವುದು ಆಮೇಲಿನ ಮಾತು. 0ಡಬ್ಲ್ಯೂ-20 ಬೇಡುವ ಹೊಸ ಗಾಡಿಗೆ ಆ ಪ್ರಶ್ನೆ ಬರುವುದೇ ಕಡಿಮೆ, ಹೆಚ್ಚಾಗಿ ಸಿಗುವುದು ಫುಲ್ ಸಿಂಥೆಟಿಕ್ಕೇ.

ಎರಡನೆಯದು ದರ್ಜೆ. ಪೆಟ್ರೋಲ್‌ಗೆ ಎಪಿಐ ಎಸ್‌ಎನ್, ಎಸ್‌ಪಿ ಅಂತ ಇರುತ್ತದೆ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹಳೇ ದರ್ಜೆ ಕೇಳುವ ಗಾಡಿಗೆ ಹೊಸ ದರ್ಜೆ ಹಾಕಬಹುದು. ಉಲ್ಟಾ ಬೇಡ.

ಡೀಸೆಲ್ ಗಾಡಿಯವರು ಇಲ್ಲಿ ದಯವಿಟ್ಟು ಗಮನ ಕೊಡಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬರುವ ಆಯಿಲ್ ಬೇಕು. ಡಬ್ಬಿಯ ಮೇಲೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಅಂತ ಬರೆದಿರುತ್ತದೆ. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ. ಆಯಿಲ್‌ನ ಬೂದಿಯನ್ನು ಸುಡಲು ಆಗುವುದಿಲ್ಲ, ಅದು ಅಲ್ಲೇ ಕೂರುತ್ತದೆ. ದುಬಾರಿ ಫುಲ್ ಸಿಂಥೆಟಿಕ್ ಆದರೂ, ನಂಬರ್ ಸರಿ ಇದ್ದರೂ, ಈ ದರ್ಜೆ ಇಲ್ಲದಿದ್ದರೆ ಅದು ನಿಮ್ಮ ಗಾಡಿಯದ್ದಲ್ಲ. ಡಿಪಿಎಫ್ ಬದಲಾಯಿಸುವ ಖರ್ಚಿನ ಮುಂದೆ ಆಯಿಲ್ ರೇಟ್ ಏನೇನೂ ಅಲ್ಲ.

[ದೃಶ್ಯ: ಇಂಡಿ ರಸ್ತೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಕಾರುಗಳ ಸಾಲು.]

ನನಗೆ ನಿಜವಾಗಿ ಚಿಂತೆಯಾಗುವ ವಿಷಯಕ್ಕೆ ಬರೋಣ. ಫುಲ್ ಸಿಂಥೆಟಿಕ್ ಹಾಕಿಸಿ, “ಇನ್ನು ಹದಿನೈದು ಸಾವಿರ ಕಿಲೋಮೀಟರ್ ನೋಡೋದೇ ಬೇಡ” ಅಂತ ಬಿಡುವವರು ಬಹಳ ಜನ. ಆಯಿಲ್ ಬಿಸಿಯಿಂದ ಮಾತ್ರ ಕೆಡುತ್ತಿದ್ದರೆ ಅದು ಸರಿ ಇರುತ್ತಿತ್ತೋ ಏನೋ. ಆದರೆ ಏರ್ ಫಿಲ್ಟರ್ ದಾಟಿ ಬರುವ ಸಣ್ಣ ಧೂಳು, ಸುಟ್ಟ ಇಂಧನದ ಮಸಿ, ಸುಡದೆ ಉಳಿದ ಪೆಟ್ರೋಲ್, ಇವೆಲ್ಲ ಸಿಂಥೆಟಿಕ್‌ಗೂ ಅಷ್ಟೇ ಸೇರುತ್ತವೆ. ಹೊಲದ ದಾರಿಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಅದು ಪಿಸ್ಟನ್ ರಿಂಗ್ ಮತ್ತು ಬೇರಿಂಗ್ ಅನ್ನು ಉಜ್ಜುತ್ತಲೇ ಇರುತ್ತದೆ. ಕೊಳೆ ಹಿಡಿದಿಡುವ ರಾಸಾಯನಿಕವೂ ದಿನ ಕಳೆದಂತೆ ಖರ್ಚಾಗುತ್ತದೆ.

ಅದರ ಮೇಲೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ತೆವಳುತ್ತಾ ಹೋಗುವುದು, ಎಸಿ ಹಾಕಿಕೊಂಡು ನಿಂತಲ್ಲೇ ಇಂಜಿನ್ ಓಡಿಸುವುದು, ಗಾಂಧಿ ಚೌಕದವರೆಗೆ ಹೋಗಿ ಬಂದು ನಿಲ್ಲಿಸುವುದು. ಮೀಟರ್‌ನಲ್ಲಿ ಕಿಲೋಮೀಟರ್ ಏರುವುದಿಲ್ಲ, ಇಂಜಿನ್ ಮಾತ್ರ ದುಡಿಯುತ್ತಿರುತ್ತದೆ. ನಿಮ್ಮ ಮ್ಯಾನುಯಲ್‌ನಲ್ಲಿ ‘ಕಠಿಣ ಬಳಕೆ’ ಅನ್ನುವ ಪಟ್ಟಿ ಹುಡುಕಿ. ಧೂಳು, ಸಣ್ಣ ಓಡಾಟ ಎರಡೂ ಅದರಲ್ಲಿ ಇರುತ್ತವೆ. ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂದಿದ್ದರೆ, ಕಠಿಣ ಬಳಕೆಗೆ ಅದು ಅರ್ಧದ ಹತ್ತಿರ ಬರುತ್ತದೆ. ಆಯಿಲ್ ಯಾವುದೇ ಇರಲಿ.

ಹಾಗಾದರೆ ಜಾಸ್ತಿ ದುಡ್ಡು ಯಾರು ಕೊಡಬೇಕು? ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇದ್ದವರು ಖಂಡಿತ ಕೊಡಬೇಕು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಆಯಿಲ್‌ನ ಪದರದ ಮೇಲೆ. ಸೋಲಾಪುರದಿಂದ ಹೆದ್ದಾರಿಯಲ್ಲಿ ಜೋರಾಗಿ ಬಂದು ತಕ್ಷಣ ಕೀ ತಿರುಗಿಸಿದರೆ ಅಲ್ಲಿ ಉಳಿದ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ಸಿಂಥೆಟಿಕ್ ಇದನ್ನು ಬಹಳ ತಡೆದುಕೊಳ್ಳುತ್ತದೆ. ಆದರೂ ಒಂದು ನಿಮಿಷ ಐಡಲ್ ಬಿಡಿ.

ಟರ್ಬೊ ಇಲ್ಲದ, ಮ್ಯಾನುಯಲ್‌ನಲ್ಲಿ ಸೆಮಿ ಸಾಕು ಅಂದಿರುವ ಪೆಟ್ರೋಲ್ ಕಾರಿಗೆ? ನನ್ನ ಅಭಿಪ್ರಾಯದಲ್ಲಿ ಸೆಮಿಯನ್ನೇ ಹಾಕಿ. ಉಳಿದ ದುಡ್ಡಿನಲ್ಲಿ ಬೇಗ ಬದಲಾಯಿಸಿ. ಜೊತೆಗೆ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಕೂಡ.

[ದೃಶ್ಯ: ಆಯಿಲ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬೆಳಕು.]

ಹಳೇ ಗಾಡಿಯಾದರೆ ಬದಲಾಯಿಸುವ ಮುನ್ನ ಹೀಗೆ ಒಳಗೆ ನೋಡಿ. ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಹುಷಾರು. ಹೊಸ ಆಯಿಲ್ ಅದನ್ನು ಕರಗಿಸುತ್ತಾ ಹೋಗುತ್ತದೆ. ಒಣಗಿದ ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್‌ನ ಬಿರುಕನ್ನು ಆ ಜಿಡ್ಡೇ ಮುಚ್ಚಿಕೊಂಡಿದ್ದರೆ ಈಗ ಸೋರುತ್ತದೆ. ಆಗ ಆಯಿಲ್‌ಗೆ ಬೈಯಬೇಡಿ, ಪ್ಯಾಕಿಂಗ್ ಹಾಕಿಸಿ. ಫ್ಲಶ್ ಮಾಡಿಸುವುದೂ, ಅಂದರೆ ದ್ರವ ಹಾಕಿ ಇಂಜಿನ್ ಒಳಗೆ ತೊಳೆಸುವುದೂ ಬೇಡ. ಒಮ್ಮೆಲೇ ಕಿತ್ತು ಬಂದ ಚೂರು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರಬಹುದು. ಮೊದಲ ಸಲ ಮೂರು ಸಾವಿರ ಕಿಲೋಮೀಟರ್‌ಗೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ.

ಇಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ. ಎಷ್ಟು ಇಳಿಸಿದರೂ ಒಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ. ಏನೂ ಆಗುವುದಿಲ್ಲ, ಎರಡೂ ಬೆರೆಯುತ್ತವೆ. ಮೊದಲ ಸಾವಿರ ಕಿಲೋಮೀಟರ್‌ನಲ್ಲಿ ಆಗಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಕೊಲ್ಹಾರದ ಹತ್ತಿರ ಎಲ್ಲೋ ಲೆವೆಲ್ ಕೆಳಗಿನ ಗೆರೆಗೆ ಬಂತು, ಒಳಗಿರುವುದು ಫುಲ್ ಸಿಂಥೆಟಿಕ್, ಅಂಗಡಿಯಲ್ಲಿ ಸಿಕ್ಕಿದ್ದು ಸೆಮಿ ಮಾತ್ರ ಅಂದುಕೊಳ್ಳಿ. ನಂಬರ್ ಅದೇ, ದರ್ಜೆಯೂ ಸರಿ ಇದ್ದರೆ ಹಾಕಿ. ಮೇಲಿನ ಗೆರೆ ಮಾತ್ರ ದಾಟಿಸಬೇಡಿ.