ಕಿತ್ತಳೆ ಚಡ್ಡಿಯ ಜಟ್ಟಿ: ಕಜುಶಿ ಸಕುರಾಬಾ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಜಪಾನಿನ ಒಬ್ಬ ಜಟ್ಟಿಯ ಬಗ್ಗೆ ಮಾತಾಡೋಣ. ಹೆಸರು ಕಜುಶಿ ಸಕುರಾಬಾ. ಎಂಎಂಎ ಅಂತೀವಲ್ಲ, ಕುಸ್ತಿ, ಬಾಕ್ಸಿಂಗ್, ಜೂಡೊ ಎಲ್ಲ ಸೇರಿದ ಹೊಡೆದಾಟ, ಅದರಲ್ಲಿ ಹೆಸರು ಮಾಡಿದವರು ಇವರು. ಗೆದ್ದದ್ದು 26 ಪಂದ್ಯ, ಸೋತದ್ದು 17. ಲೆಕ್ಕ ಮಾತ್ರ ನೋಡಿದರೆ ಏನು ಮಹಾ ಅನ್ನಿಸಬಹುದು. ಆದರೆ ಈ ಆಟ ಬಲ್ಲವರನ್ನು ಕೇಳಿ, ಬಹಳ ಜನ ಪ್ರೀತಿಯಿಂದ ಮೊದಲು ಹೇಳುವ ಹೆಸರು ಇದೇ. ಅಷ್ಟು ಪ್ರೀತಿ ಯಾಕೆ, ಆ ಪ್ರೀತಿಗೆ ಅವರ ಮೈ ಎಷ್ಟು ಬೆಲೆ ತೆತ್ತಿತು, ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಸಕುರಾಬಾ ಹುಟ್ಟಿದ್ದು 1969ರ ಜುಲೈನಲ್ಲಿ, ಜಪಾನಿನ ಉತ್ತರ ಭಾಗದ ಅಕಿತಾ ಪ್ರಾಂತ್ಯದಲ್ಲಿ. ಹೈಸ್ಕೂಲಿನಲ್ಲಿ ಕುಸ್ತಿ, ಆಮೇಲೆ ಟೋಕಿಯೊದ ಚುವೊ ವಿಶ್ವವಿದ್ಯಾಲಯದಲ್ಲೂ ಕುಸ್ತಿ. ಅಲ್ಲಿಂದ ಯುಡಬ್ಲ್ಯೂಎಫ್‌ಐ ಅನ್ನುವ ಪ್ರೊ ರೆಸ್ಲಿಂಗ್ ಕಂಪನಿ ಸೇರಿದರು. ಟಿವಿಯಲ್ಲಿ ನೋಡಿರುತ್ತೀರಲ್ಲ, ಆ ಪ್ರೊ ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಈ ಕಂಪನಿಯಲ್ಲೂ ಹಾಗೇ. ಆದರೆ ಒಳಗಿನ ತಾಲೀಮು ಮಾತ್ರ ನಿಜವಾದದ್ದು. ಅಲ್ಲಿ ಬಿಲ್ಲಿ ರಾಬಿನ್ಸನ್ ಅನ್ನುವ ಉಸ್ತಾದರಿದ್ದರು. ಇಂಗ್ಲೆಂಡಿನ ವಿಗನ್ ಅನ್ನುವ ಗಣಿ ಊರಿನ ಗರಡಿಯಲ್ಲಿ ಪಳಗಿದವರು. ಕೈ, ಕಾಲು, ಕುತ್ತಿಗೆಯ ಕೀಲುಗಳನ್ನು ಹಿಡಿದು ತಿರುಚುವ ಪಟ್ಟುಗಳು ಅವರ ವಿದ್ಯೆ. ಸಕುರಾಬಾ ಕಲಿತದ್ದು ಆ ಸಾಲಿನ ಪಟ್ಟುಗಳನ್ನೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಜಪಾನಿನ ಪ್ರೊ ರೆಸ್ಲಿಂಗ್ ತಾಲೀಮಿಗೆ ಸೇರುವ ಹುಡುಗರು ನೂರುಗಟ್ಟಲೆ ಬಸ್ಕಿ ಹೊಡೆಯಬೇಕು. ಆ ಬಸ್ಕಿಗೆ ಅಲ್ಲಿ ಇರುವ ಹೆಸರೇ ಹಿಂದೂ ಸ್ಕ್ವಾಟ್. ನಮ್ಮ ಗರಡಿಗಳಲ್ಲಿ ಹುಡುಗರು ಬೆಳಗ್ಗೆ ಎದ್ದು ಹೊಡೆಯುವ ದಂಡ, ಬಸ್ಕಿ ಇದೆಯಲ್ಲ, ಅದೇ. ಕಾರ್ಲ್ ಗಾಚ್ ಅನ್ನುವ ಯುರೋಪಿನ ಕುಸ್ತಿಪಟು ಭಾರತದ ಪೈಲ್ವಾನರ ಈ ಕಸರತ್ತನ್ನು ಜಪಾನಿನ ಹುಡುಗರಿಗೆ ಕಲಿಸಿ ರೂಢಿ ಮಾಡಿಸಿದರು. ನನಗೆ ಈ ಸಂಗತಿ ಬಹಳ ಖುಷಿ ಕೊಡುತ್ತದೆ.

ಈಗ ಆ ಕಾಲ ಹೇಗಿತ್ತು ನೋಡಿ. 1993ರಲ್ಲಿ ಅಮೆರಿಕದಲ್ಲಿ ಯುಎಫ್‌ಸಿ ಅನ್ನುವ ಎಂಎಂಎ ಪಂದ್ಯಾವಳಿ ಶುರುವಾಯಿತು. ಬ್ರೆಜಿಲ್‌ನ ಗ್ರೇಸಿ ಕುಟುಂಬದ ರಾಯ್ಸ್ ಗ್ರೇಸಿ ಅದನ್ನು ಗೆದ್ದರು. ಎದುರಾಳಿಯನ್ನು ನೆಲಕ್ಕೆ ಕೆಡವಿ ಪಟ್ಟು ಹಾಕುವ ಜಿಯು-ಜಿತ್ಸು ಅವರ ವಿದ್ಯೆ. ನಮ್ಮ ಜಿಯು-ಜಿತ್ಸು ಮುಂದೆ ಬೇರೆ ಯಾವ ವಿದ್ಯೆಯೂ ನಿಲ್ಲೋದಿಲ್ಲ ಅನ್ನೋದು ಆ ಮನೆತನದ ಮಾತು. ರಾಯ್ಸ್ ಅಣ್ಣ ರಿಕ್ಸನ್ ಅಂತೂ ಮನೆಯಲ್ಲೇ ಎಲ್ಲರಿಗಿಂತ ಗಟ್ಟಿ ಅನ್ನಿಸಿಕೊಂಡವರು. ಸಕುರಾಬಾ ಕಂಪನಿಯ ಹಿರಿಯರೊಬ್ಬರು 1994ರಲ್ಲಿ ಲಾಸ್ ಏಂಜಲೀಸ್‌ನ ರಿಕ್ಸನ್ ಗರಡಿಗೇ ಹೋಗಿ ಸವಾಲು ಹಾಕಿದರು. ಮುಖವೆಲ್ಲ ರಕ್ತ ಮಾಡಿಕೊಂಡು ಹೊರಗೆ ಬಂದರು. 1997ರಲ್ಲಿ ಕಂಪನಿಯ ದೊಡ್ಡ ಹೆಸರು ನೊಬುಹಿಕೊ ತಕಾಡಾ ಅವರೇ ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ ರಿಕ್ಸನ್‌ಗೆ ಸೋತರು. ಅದು ಪ್ರೈಡ್ ಅನ್ನುವ ಪಂದ್ಯಾವಳಿಯ ಮೊದಲ ದಿನ. ಜಪಾನಿನಲ್ಲಿ ಪ್ರೊ ರೆಸ್ಲಿಂಗ್ ಅಂದರೆ ಮನೆಮನೆಯ ಪ್ರೀತಿ. ಆ ಪ್ರೀತಿಗೆ ಮುಖಭಂಗ ಆಯಿತು. ಇವರೆಲ್ಲ ಸುಮ್ನೆ ನಾಟಕದವರು ಅನ್ನುವ ಮಾತು ಎದ್ದಿತು.

ಅದೇ ವರ್ಷ ಡಿಸೆಂಬರ್ 21. ಯೊಕೊಹಾಮಾದಲ್ಲಿ ಯುಎಫ್‌ಸಿಯ ಪಂದ್ಯ. ಸಕುರಾಬಾ ತೂಕ 83 ಕಿಲೊ ಆಸುಪಾಸು, ಆದರೆ ನಿಂತದ್ದು ಹೆವಿವೇಟ್ ವಿಭಾಗದಲ್ಲಿ! ಎದುರಿಗೆ ನೂರು ಕಿಲೊ ದಾಟಿದ ಬ್ರೆಜಿಲ್‌ನ ಮಾರ್ಕಸ್ ಸಿಲ್ವೇರಾ. ಪಂದ್ಯ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಸಕುರಾಬಾ ಎದುರಾಳಿಯ ಕಾಲಿಗೆ ಕೈ ಹಾಕಲು ಕೆಳಕ್ಕೆ ಬಾಗಿದರು. ಏಟಿಗೆ ಕುಸಿದು ಬಿದ್ದರು ಅಂತ ತಿಳಿದು ರೆಫರಿ ಪಂದ್ಯ ನಿಲ್ಲಿಸಿಬಿಟ್ಟರು. ಸಕುರಾಬಾ ಒಪ್ಪಲಿಲ್ಲ, ಜಾಗ ಬಿಟ್ಟು ಕದಲಲಿಲ್ಲ. ವಿಡಿಯೊ ನೋಡಿದರು, ತಪ್ಪು ಆಗಿದೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಫೈನಲ್ ಆಡಬೇಕಿದ್ದ ಇನ್ನೊಬ್ಬ ಸ್ಪರ್ಧಿ ಕೈಗೆ ಪೆಟ್ಟು ಮಾಡಿಕೊಂಡು ಹಿಂದೆ ಸರಿದಿದ್ದರು. ಹಾಗಾಗಿ ಅದೇ ರಾತ್ರಿ ಅದೇ ಸಿಲ್ವೇರಾ ಜೊತೆ ಮತ್ತೆ ಪಂದ್ಯ. ಈ ಸಲ ಸಕುರಾಬಾ ನಾಲ್ಕು ನಿಮಿಷದೊಳಗೆ ತೋಳಿಗೆ ಪಟ್ಟು ಹಾಕಿ ಸೋಲೊಪ್ಪಿಸಿದರು. ಗೆದ್ದ ಮೇಲೆ ಅವರು ಹೇಳಿದ್ದು ಇಷ್ಟೇ: ಪ್ರೊ ರೆಸ್ಲರ್‌ಗಳು ನಿಜವಾಗಿಯೂ ಬಲಶಾಲಿಗಳು. ಆ ಒಂದು ಮಾತಿನಿಂದ ಎಷ್ಟೋ ಜನರ ಮನಸ್ಸಿಗೆ ಸಮಾಧಾನ ಆಯಿತು.

ಮುಂದೆ ಪ್ರೈಡ್ ಅವರ ಅಖಾಡ ಆಯಿತು. ಕಾರ್ಲೋಸ್ ನ್ಯೂಟನ್, ವಿಟೋರ್ ಬೆಲ್ಫೋರ್ಟ್, ಇಂಥವರನ್ನೆಲ್ಲ ಸೋಲಿಸಿದರು. ಮೈಗೆ ಕಿತ್ತಳೆ ಬಣ್ಣದ ಚಡ್ಡಿ, ಮುಖದಲ್ಲಿ ತುಂಟ ನಗು. ನೆಲದ ಮೇಲಿರುವ ಎದುರಾಳಿಯ ಕಾಲು ದಾಟಲು ಲಾಗ ಹಾಕುತ್ತಿದ್ದರು. ಎರಡೂ ಕೈ ಎತ್ತಿ ಎರಡು ಕಡೆಯಿಂದ ಕುತ್ತಿಗೆಗೆ ಬಡಿಯುವ ಪ್ರೊ ರೆಸ್ಲಿಂಗ್‌ನ ಏಟನ್ನು ನಿಜವಾದ ಹೊಡೆದಾಟದಲ್ಲಿ ಹೊಡೆದು ತೋರಿಸಿದರು. ಜನ ಇದನ್ನು ಬರೀ ತಮಾಷೆ ಅಂದುಕೊಂಡರು. ನಾನು ಹಾಗೆ ಅಂದುಕೊಂಡಿಲ್ಲ. ಎದುರಾಳಿ ಮುಂದೇನು ಬರುತ್ತೆ ಅಂತ ಯೋಚಿಸುವಷ್ಟರಲ್ಲಿ ಇವರ ಕೈ ಅವನ ಮಣಿಕಟ್ಟಿನ ಮೇಲೆ ಇರುತ್ತಿತ್ತು.

ಆ ಮಣಿಕಟ್ಟಿನ ಪಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕೈಯಲ್ಲಿ ಎದುರಾಳಿಯ ಮಣಿಕಟ್ಟು ಹಿಡಿಯಬೇಕು. ಇನ್ನೊಂದು ಕೈಯನ್ನು ಅವನ ತೋಳಿನ ಮೇಲಿಂದ ಸುತ್ತಿ ತಂದು ನಮ್ಮದೇ ಮಣಿಕಟ್ಟನ್ನು ಹಿಡಿಯಬೇಕು. ಈಗ ಅವನ ಮೊಣಕೈ ಮಡಚಿಕೊಂಡಿದೆ, ಬಿಡಿಸಿಕೊಳ್ಳಲು ದಾರಿ ಇಲ್ಲ. ಆ ಕೈಯನ್ನು ಹಾಗೇ ಬೆನ್ನ ಹಿಂದಕ್ಕೆ, ಮೇಲಕ್ಕೆ ತಿರುಚಿದರೆ ಭುಜದ ಕೀಲು ಒತ್ತಡ ತಾಳುವುದಿಲ್ಲ. ಸೋತೆ ಅಂತ ಕೈ ತಟ್ಟಬೇಕು, ಇಲ್ಲದಿದ್ದರೆ ಕೈ ಮುರಿಯುತ್ತದೆ. ಇದರ ಹೆಸರು ಕಿಮುರಾ. 1951ರಲ್ಲಿ ಜೂಡೊ ವೀರ ಮಸಾಹಿಕೊ ಕಿಮುರಾ ಬ್ರೆಜಿಲ್‌ಗೆ ಹೋಗಿ ರಾಯ್ಸ್ ಅವರ ಅಪ್ಪ ಹೆಲಿಯೊ ಗ್ರೇಸಿಯ ಕೈಯನ್ನು ಇದೇ ಪಟ್ಟಿನಲ್ಲಿ ಮುರಿದಿದ್ದರು. ಹೆಲಿಯೊ ಕೈ ತಟ್ಟಲಿಲ್ಲ, ಅವರ ಅಣ್ಣ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಸೋಲಿಸಿದವರ ಹೆಸರನ್ನೇ ಗ್ರೇಸಿಗಳು ಆ ಪಟ್ಟಿಗೆ ಇಟ್ಟರು.

1999ರ ನವೆಂಬರ್. ಸಕುರಾಬಾ ಎದುರು ಹೆಲಿಯೊ ಅವರ ಮಗ ರಾಯ್ಲರ್. ಎರಡನೇ ಸುತ್ತಿನ ಕೊನೆಕೊನೆಗೆ ಅದೇ ಪಟ್ಟು ಬಿತ್ತು. ರಾಯ್ಲರ್ ಕೈ ತಟ್ಟಲಿಲ್ಲ. ತೋಳು ಇನ್ನೇನು ಹೋಯಿತು ಅನ್ನುವಾಗ ರೆಫರಿಯೇ ಪಂದ್ಯ ನಿಲ್ಲಿಸಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಗ್ರೇಸಿ ಕಡೆಯವರು ಜಗಳ ತೆಗೆದರು. ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ರಾಯ್ಲರ್ ಸಕುರಾಬಾಗಿಂತ ತುಂಬಾ ಸಣ್ಣಾಳು. ಆ ಜೋಡಿ ಸರಿಸಮ ಆಗಿರಲಿಲ್ಲ.

ಹಾಗಾಗಿ ರಾಯ್ಸ್ ಬಂದಾಗ ಶರತ್ತು ಹಾಕಿಯೇ ಬಂದರು. ರೆಫರಿ ಪಂದ್ಯ ನಿಲ್ಲಿಸಬಾರದು. ತೀರ್ಪುಗಾರರು ಬೇಡ. 15 ನಿಮಿಷದ ಸುತ್ತುಗಳು, ಒಬ್ಬರು ಸೋಲೊಪ್ಪುವ ತನಕ ಎಷ್ಟು ಬೇಕಾದರೂ ನಡೆಯಲಿ. 2000ದ ಮೇ 1, ಟೋಕಿಯೊ ಡೋಮ್. ಸಕುರಾಬಾ ಬಂದದ್ದು ಹೇಗೆ ಗೊತ್ತಾ? ಒಂದೇ ಥರದ ಮುಖವಾಡ ಹಾಕಿದ ಮೂವರು ಒಟ್ಟಿಗೆ ನಡೆದು ಬಂದರು. ಯಾರು ಸಕುರಾಬಾ ಅಂತ ಯಾರಿಗೂ ತಿಳಿಯಲಿಲ್ಲ. ರಾಯ್ಸ್ ತಮ್ಮ ಬಿಳಿ ಜಿಯು-ಜಿತ್ಸು ಉಡುಪಿನಲ್ಲೇ ನಿಂತರು. ಆರಂಭದ ಸುತ್ತುಗಳಲ್ಲಿ ಒಂದು ಸಲ ರಾಯ್ಸ್ ಇವರ ಕುತ್ತಿಗೆಯನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದರು. ಬೇರೆಯವರಾಗಿದ್ದರೆ ಗಾಬರಿ ಬೀಳುತ್ತಿದ್ದರು. ಇವರು ರಾಯ್ಸ್ ಪ್ಯಾಂಟನ್ನು ಕೆಳಕ್ಕೆ ಎಳೆಯೋಕೆ ಶುರು ಮಾಡಿದರು! ಇಡೀ ಡೋಮ್ ನಕ್ಕಿತು.

ಆದರೆ ಕೊನೆಯ ಸುತ್ತುಗಳಲ್ಲಿ ನಗು ಇರಲಿಲ್ಲ. ಸಕುರಾಬಾ ಒಂದೇ ಸಮನೆ ರಾಯ್ಸ್ ತೊಡೆಗೆ ಒದೆಯುತ್ತಾ ಹೋದರು. ನಾಲ್ಕು ಸುತ್ತು, ಐದು ಸುತ್ತು. ಎದುರಾಳಿಯ ಉಡುಪನ್ನೇ ಹಿಡಿದು, ಅದರಿಂದಲೇ ಅವರನ್ನು ಕಟ್ಟಿಹಾಕಿ ಹೊಡೆದರು. ಆರನೇ ಸುತ್ತು ಮುಗಿದಾಗ 90 ನಿಮಿಷ ಆಗಿತ್ತು. ಒಂದು ಫುಟ್‌ಬಾಲ್ ಪಂದ್ಯದಷ್ಟು ಹೊತ್ತು! ರಾಯ್ಸ್‌ಗೆ ಕಾಲೂರಿ ನಿಲ್ಲಲು ಆಗುತ್ತಿರಲಿಲ್ಲ. ಅವರ ಕಡೆಯಿಂದ ಟವೆಲ್ ಬಿತ್ತು. ಹೆಲಿಯೊ ಗ್ರೇಸಿ ಅಲ್ಲೇ ಇದ್ದರು, ಎಲ್ಲವನ್ನೂ ನೋಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದು ಪಂದ್ಯಾವಳಿ, ಒಂದೇ ದಿನದಲ್ಲಿ ಮುಂದಿನ ಹಂತವೂ ಇತ್ತು. 90 ನಿಮಿಷ ಹೊಡೆದಾಡಿದ ಮನುಷ್ಯ ಅದೇ ರಾತ್ರಿ ಉಕ್ರೇನಿನ ಇಗೊರ್ ವೊವ್ಚಾಂಚಿನ್ ಎದುರು ಮತ್ತೆ ಅಖಾಡಕ್ಕೆ ಇಳಿದರು. ಇವರಿಗಿಂತ ಬಹಳ ಭಾರದ ಆಳು, ಗುದ್ದಿಗೆ ಹೆಸರಾದವರು. ಸಕುರಾಬಾ ಅವರಿಗೂ ಇನ್ನೊಂದು 15 ನಿಮಿಷ ಎದುರು ನಿಂತರು. ಆಮೇಲೆ ಇವರ ಕಡೆಯವರೇ ಸಾಕು ಅಂತ ಟವೆಲ್ ಎಸೆದರು. ಎಸೆದದ್ದು ಒಳ್ಳೆಯದಾಯಿತು. ಮುಂದಿನ ವರ್ಷಗಳಲ್ಲಿ ಆ ಟವೆಲ್ ಇನ್ನೂ ಎಷ್ಟೋ ಸಲ, ಇನ್ನೂ ಬೇಗ ಬೀಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ರೆಂಜೊ ಗ್ರೇಸಿ. ನನ್ನ ಪ್ರಕಾರ ಸಕುರಾಬಾ ಆಡಿದ ಅತಿ ಚೆಂದದ ಪಂದ್ಯ ಇದು. ಇಬ್ಬರೂ ಸರಿಜೋಡಿ. ಪಂದ್ಯ ಮುಗಿಯಲು 17 ಸೆಕೆಂಡು ಬಾಕಿ. ರೆಂಜೊ ಹಿಂದಿನಿಂದ ಸೊಂಟ ಹಿಡಿದಿದ್ದರು. ಸಕುರಾಬಾ ಆ ಹಿಡಿದ ಕೈಗೇ ಕಿಮುರಾ ಹಾಕಿ, ಇದ್ದಲ್ಲೇ ಗಿರಕಿ ಹೊಡೆದರು. ಇಬ್ಬರೂ ಉರುಳುವಷ್ಟರಲ್ಲಿ ರೆಂಜೊ ಮೊಣಕೈ ಕಳಚಿತ್ತು. ಅವರೂ ಕೈ ತಟ್ಟಲಿಲ್ಲ, ರೆಫರಿ ನಿಲ್ಲಿಸಿದರು. ಆದರೆ ರೆಂಜೊ ದೊಡ್ಡ ಮನುಷ್ಯ. ಮೈಕು ಹಿಡಿದು, ನೆಪ ಏನೂ ಇಲ್ಲ, ಇವತ್ತು ಇವರು ನನಗಿಂತ ಚೆನ್ನಾಗಿ ಆಡಿದರು ಅಂದರು. ಡಿಸೆಂಬರ್‌ನಲ್ಲಿ ರೆಂಜೊ ತಮ್ಮ ರಯಾನ್ ಕೂಡ ಸೋತರು. ನಾಲ್ಕು ಜನ ಗ್ರೇಸಿಗಳು, ಒಂದು ವರ್ಷದ ಸ್ವಲ್ಪ ಮೇಲೆ. ಜಪಾನಿನಲ್ಲಿ ಇವರಿಗೆ ಗ್ರೇಸಿ ಬೇಟೆಗಾರ ಅಂತಲೇ ಹೆಸರು ಬಿತ್ತು.

ಅಲ್ಲಿಂದ ಮುಂದಿನದು ಹೇಳಲು ಕಷ್ಟ. 2001ರ ಮಾರ್ಚ್‌ನಲ್ಲಿ ವಾಂಡರ್ಲೇ ಸಿಲ್ವಾ ಎದುರು ಎರಡೇ ನಿಮಿಷದೊಳಗೆ ಸೋಲು. ನವೆಂಬರ್‌ನಲ್ಲಿ ಮತ್ತೆ ಸಿಲ್ವಾ, ಈ ಸಲ ಕೊರಳೆಲುಬು ಮುರಿಯಿತು. 2003ರಲ್ಲಿ ಮೂರನೇ ಸಲ ಸಿಲ್ವಾ, ಏಟು ತಿಂದು ಎಚ್ಚರ ತಪ್ಪಿ ಬಿದ್ದರು. ನಡುವೆ 2002ರಲ್ಲಿ ಟೋಕಿಯೊ ರಾಷ್ಟ್ರೀಯ ಕ್ರೀಡಾಂಗಣದಲ್ಲಿ, ತುಂಬಿದ ಜನರ ಮುಂದೆ, ಕಿಕ್‌ಬಾಕ್ಸರ್ ಮಿರ್ಕೊ ಕ್ರೋಕಾಪ್ ಎದುರು. ಕಣ್ಣಿನ ಸುತ್ತಲ ಮೂಳೆ ಮುರಿದು ಡಾಕ್ಟರು ಪಂದ್ಯ ನಿಲ್ಲಿಸಿದರು. ಇವರೆಲ್ಲ ಸಕುರಾಬಾಗಿಂತ ಎಷ್ಟು ಭಾರ ಅಂತ ನೋಡಿದರೆ ಸಿಟ್ಟು ಬರುತ್ತದೆ. ಆ ಕಾಲದ ಪ್ರೈಡ್‌ನಲ್ಲಿ ಇವರ ತೂಕಕ್ಕೆ ಸರಿಯಾದ ವಿಭಾಗವೇ ಇರಲಿಲ್ಲ. ಇವರು ಬಂದರೆ ಕ್ರೀಡಾಂಗಣ ತುಂಬುತ್ತಿತ್ತು, ಹಾಗಾಗಿ ಕರೆದರು. ಕರೆದಾಗಲೆಲ್ಲ ಇವರು ಒಲ್ಲೆ ಅನ್ನಲಿಲ್ಲ. ಬೇಡ ಅಂತ ಹೇಳಬೇಕಾಗಿದ್ದವರು ಸುತ್ತ ಇದ್ದವರು, ಅಲ್ವಾ?

2006ರ ಡಿಸೆಂಬರ್ 31ರಂದು ಒಸಾಕಾದಲ್ಲಿ ಯೋಷಿಹಿರೊ ಅಕಿಯಾಮಾ ಜೊತೆ ಪಂದ್ಯ. ಕಾಲು ಹಿಡಿಯಲು ಹೋದರೆ ಜಾರುತ್ತಿದೆ. ಜಾರುತ್ತಿದೆ ಅಂತ ಸಕುರಾಬಾ ರೆಫರಿಗೆ ಕೂಗಿ ಹೇಳಿದರು, ಹೇಳುತ್ತಲೇ ಏಟು ತಿಂದರು. ಪಂದ್ಯ ನಿಲ್ಲಲಿಲ್ಲ. ಆಮೇಲೆ ತನಿಖೆಯಲ್ಲಿ ಅಕಿಯಾಮಾ ಮೈಗೆ ಕ್ರೀಮ್ ಹಚ್ಚಿಕೊಂಡದ್ದು ಹೊರಬಿತ್ತು, ಫಲಿತಾಂಶ ರದ್ದಾಯಿತು. 2007ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಯ್ಸ್ ಜೊತೆ ಮರುಪಂದ್ಯ. ತೀರ್ಪಿನಲ್ಲಿ ರಾಯ್ಸ್ ಗೆದ್ದರು, ಆಮೇಲೆ ಅವರ ಮದ್ದು ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿತು. 2010ರ ಕೊನೆಯ ದಿನ ಇನ್ನೊಂದು ಪಂದ್ಯದಲ್ಲಿ ಕಿವಿ ಹರಿದು ನೇತಾಡಿತು. ಮಂಡಿಗೆಲ್ಲ ದಪ್ಪ ಟೇಪು ಸುತ್ತಿಕೊಂಡು ಬರುತ್ತಿದ್ದರು. 2015ರ ಡಿಸೆಂಬರ್‌ನಲ್ಲಿ, 46ನೇ ವಯಸ್ಸಿನಲ್ಲಿ, ಶಿನ್ಯಾ ಆವೊಕಿ ಎದುರು ನಿಂತರು. ಮೇಲೇಳಲು ಆಗದೆ ಏಟು ತಿನ್ನುತ್ತಿದ್ದಾಗ ಟವೆಲ್ ಬಿತ್ತು.

2017ರಲ್ಲಿ ಯುಎಫ್‌ಸಿ ತನ್ನ ಹಾಲ್ ಆಫ್ ಫೇಮ್‌ಗೆ ಇವರನ್ನು ಸೇರಿಸಿಕೊಂಡಿತು. ಯುಎಫ್‌ಸಿಯಲ್ಲಿ ಇವರು ಆಡಿದ್ದು ಆ ಯೊಕೊಹಾಮಾದ ಒಂದೇ ರಾತ್ರಿ! ಉಳಿದದ್ದೆಲ್ಲ ಬೇರೆ ಕಡೆ. ಆದರೂ ಕರೆದು ಗೌರವಿಸಿದರು.

2018ರಲ್ಲಿ ಸಕುರಾಬಾ ಕ್ವಿಂಟೆಟ್ ಅನ್ನುವ ಪಂದ್ಯಾವಳಿ ಶುರು ಮಾಡಿದರು. ಗುದ್ದು ಇಲ್ಲ, ಒದೆ ಇಲ್ಲ, ಬರೀ ಪಟ್ಟುಗಳು. ಒಂದು ತಂಡಕ್ಕೆ ಐದು ಜನ. ಗೆದ್ದವರು ಅಖಾಡದಲ್ಲೇ ಉಳಿದು ಎದುರು ತಂಡದ ಮುಂದಿನವರ ಜೊತೆ ಆಡಬೇಕು. ಸಮ ಆದರೆ ಇಬ್ಬರೂ ಹೊರಗೆ. ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ತಂಡದ ಐವರ ತೂಕ ಕೂಡಿಸಿದರೆ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಇದೆ. ಜೋಡಿಯಲ್ಲಿ ಭಾರದ ಅಂತರ ತೀರಾ ಜಾಸ್ತಿ ಆದರೆ ಪಂದ್ಯದ ಸಮಯವನ್ನೂ ಕಡಿಮೆ ಮಾಡುತ್ತಾರೆ. ತಮಗೆ ಸಿಗದೆ ಹೋದದ್ದನ್ನು ಈಗಿನ ಹುಡುಗರಿಗೆ ಸಿಗುವ ಹಾಗೆ ಮಾಡಿದ್ದಾರೆ. ಅವರೂ ಒಂದು ತಂಡ ಕಟ್ಟಿಕೊಂಡು ಅಲ್ಲಿ ಆಡಿದ್ದಾರೆ.

ಈ ಪಂದ್ಯಗಳನ್ನು ನೋಡಬೇಕು ಅನ್ನಿಸಿದವರು ರೆಂಜೊ ಜೊತೆಗಿನ ಪಂದ್ಯದಿಂದ ಶುರು ಮಾಡಿ. 20 ನಿಮಿಷ ಸಾಕು. ಇಷ್ಟವಾದರೆ ಒಂದು ಭಾನುವಾರ ಬಿಡುವು ಮಾಡಿಕೊಂಡು ರಾಯ್ಸ್ ಜೊತೆಗಿನ ಆರೂ ಸುತ್ತು ನೋಡಿ, ಮಧ್ಯೆ ಓಡಿಸಬೇಡಿ, ಆ ಒದೆಗಳು ಹೇಗೆ ಕೆಲಸ ಮಾಡಿದವು ಅನ್ನೋದು ಪೂರ್ತಿ ನೋಡಿದರೇ ತಿಳಿಯೋದು. ಸಿಲ್ವಾ ಪಂದ್ಯಗಳನ್ನು ಮಾತ್ರ ಮನೆಯ ಚಿಕ್ಕ ಮಕ್ಕಳಿಗೆ ತೋರಿಸಬೇಡಿ.

ನಮಸ್ಕಾರ.